ಜೀಪ್ ಸ್ಟೀರಿಂಗು, ಗೇರ್ ನಾಬಿಗೆ ಚರ್ಮ ಹಾಕೋಕೆ ಪ್ಯಾಟರ್ನ್ ಕರೆಕ್ಟಾಗಿ ತೆಗೆಯೋದ್ ಹೇಗೆ?

ಆಲ್ದೂರು ತೊಗಲು:

ಎಲ್ರಿಗೂ ನಮಸ್ಕಾರ. ಚಿಕ್ಕಮಗಳೂರು ತಾಲೂಕು ಆಲ್ದೂರಲ್ಲಿ ಚರ್ಮದ ಕೆಲ್ಸ ಮಾಡ್ಕೊಂಡಿದೀನಿ, ಬೆಲ್ಟು ಪರ್ಸು ಕತ್ತಿ ಒರೆ ನಾಯಿ ಪಟ್ಟಿ ಇಂಥವು, ತೋಟದವ್ರೇ ಜಾಸ್ತಿ ಗಿರಾಕಿ. ಇವೆಲ್ಲ ಚಪ್ಪಟೆ ಕೆಲ್ಸ, ಸ್ಕೇಲ್ ಇಟ್ಟು ಗೆರೆ ಎಳೆದು ಕತ್ತರಿಸಿದ್ರೆ ಮುಗೀತು. ಈಗ ಒಬ್ರು ಸಾಹುಕಾರ್ರು ತಮ್ಮ ಹಳೇ ಮಹೀಂದ್ರಾ ಜೀಪಿನ ಸ್ಟೀರಿಂಗು, ಗೇರ್ ನಾಬು, ಡ್ಯಾಶ್ ಮೇಲೆ ಹಿಡ್ಕೊಳೋ ರಾಡು ಮೂರಕ್ಕೂ ಒಂದೇ ಬಣ್ಣದ ಚರ್ಮ ಹೊಲಿದು ಕೊಡು ಅಂದಿದಾರೆ. ರೆಡಿಮೇಡ್ ಕವರ್ ಬೇಡ್ವಂತೆ, ಘಾಟಿ ತಿರುವಲ್ಲಿ ಕವರ್ ಒಂದ್ ಕಡೆ ಸ್ಟೀರಿಂಗ್ ಒಂದ್ ಕಡೆ ತಿರುಗುತ್ತೆ ಅಂತ.

ಅಳತೆ ಹೇಳ್ಬಿಡ್ತೀನಿ. ಸ್ಟೀರಿಂಗ್ ಹೊರಗಿನ ಅಂಚಿಂದ ಅಂಚಿಗೆ 400 ಎಂಎಂ, ರಿಂಗಿನ ದಪ್ಪ 22 ಎಂಎಂ, ಮೂರು ಕಡ್ಡಿ, ರಿಂಗಿನ ಹಿಂಭಾಗದಲ್ಲಿ ಬೆರಳು ಕೂರೋಕೆ ಅಲೆ ಅಲೆ ತಗ್ಗು ಇದೆ. ನಾಬು ಉಂಡೆ, 50 ಎಂಎಂ, ಕೆಳಗೆ ಕತ್ತಿನ ಹಾಗೆ ಸಣ್ಣ ಆಗುತ್ತೆ. ರಾಡು 25 ಎಂಎಂ ಪೈಪು, ಎರಡು ತುದೀಲಿ ಬಾಗಿದೆ. ಚರ್ಮ ಎರಡು ತರ ಇದೆ, ಸೋಫಾಗೆ ಹಾಕೋ ಮೆತ್ತನೆ ಕ್ರೋಮ್ ಟ್ಯಾನ್ (ಕ್ರೋಮಿಯಂ ಉಪ್ಪಲ್ಲಿ ಹದ ಮಾಡಿದ್ದು) 1.2 ಎಂಎಂ, ಇನ್ನೊಂದು ವೆಜ್ ಟ್ಯಾನ್ (ಮರದ ತೊಗಟೆ ಒಗರಲ್ಲಿ ಹದ ಮಾಡಿದ್ದು) 1.5 ಎಂಎಂ.

ನನ್ನ ಪ್ರಶ್ನೆ ಇಷ್ಟೇ. ಪೇಪರ್ ಸುತ್ತಿ ಅಳತೆ ತೆಗೆದ್ರೆ ಪೇಪರೇನೋ ಸುತ್ತ್ಕೊಳುತ್ತೆ, ಆದ್ರೆ ಅದೇ ಅಳತೆಗೆ ಚರ್ಮ ಕತ್ತರಿಸಿದ್ರೆ ಒಂದ್ ಕಡೆ ಸುಕ್ಕು, ಇನ್ನೊಂದ್ ಕಡೆ ಬಾಯಿ ಬಿಟ್ಕೊಳುತ್ತೆ. ಉಬ್ಬು ತಗ್ಗು ಇರೋ ಸಾಮಾನಿಗೆ ಪ್ಯಾಟರ್ನ್ ಎತ್ತೋದು ಹೇಗೆ, ಮಾರ್ಜಿನ್ ಎಷ್ಟು ಬಿಡ್ಬೇಕು, ಹೊಲಿಗೆ ಎಲ್ಲಿ ಬರ್ಬೇಕು ಅಂತ ಹೇಗೆ ಗೊತ್ತಾಗುತ್ತೆ? ಯೂಟ್ಯೂಬಲ್ಲಿ ಎಲ್ಲಾ ಕಿಟ್ ತರಿಸಿ ಹೊಲಿಯೋದೇ ತೋರಿಸ್ತಾರೆ, ಆ ಕಿಟ್ಟಿನ ಆಕಾರ ಎಲ್ಲಿಂದ ಬಂತು ಅಂತ ಒಬ್ರೂ ಹೇಳಲ್ಲ.

ಹಾಸನ ಕುಶನ್:

ತಮ್ಮಾ, ಪೇಪರ್ ಬಿಡು. ಪೇಪರ್ ಒಂದೇ ದಿಕ್ಕಿಗೆ ಬಗ್ಗುತ್ತೆ, ನಿನ್ನ ಸಾಮಾನು ಎರಡು ದಿಕ್ಕಿಗೆ ಬಗ್ಗಿದೆ. ನಾವು ಬಿ.ಎಂ. ರೋಡಲ್ಲಿ ಕುಶನ್ ಕೆಲ್ಸ ಮಾಡೋರು, ಬುಲೆಟ್ ಸೀಟು, ಹಳೇ ಕಾರಿನ ಆರ್ಮ್‌ರೆಸ್ಟು, ಡೋರ್ ಪ್ಯಾಡು ಎಲ್ಲಾದಕ್ಕೂ ಮಾಸ್ಕಿಂಗ್ ಟೇಪೇ ಗತಿ. ಪೇಂಟ್ ಅಂಗಡೀಲಿ ಸಿಗುತ್ತಲ್ಲ ಅದೇ. ಪ್ಯಾಕಿಂಗ್ ಬ್ರೌನ್ ಟೇಪ್ ಆಗಲ್ಲ, ಅದು ಗಟ್ಟಿ, ಉಬ್ಬಿನ ಮೇಲೆ ಕೂರಲ್ಲ, ಪೆನ್ನೂ ಹಿಡಿಯಲ್ಲ.

ಮೊದ್ಲು ಸಾಮಾನಿಗೆ ಅಡುಗೆಮನೆ ಪ್ಲಾಸ್ಟಿಕ್ ಫಿಲ್ಮ್ ಇರುತ್ತಲ್ಲ ತೆಳ್ಳಗೆ ಅಂಟ್ಕೊಳೋದು, ಅದನ್ನ ಬಿಗಿಯಾಗಿ ಸುತ್ತು, ಸುಕ್ಕು ಇರ್ಬಾರ್ದು. ಅದರ ಮೇಲೆ ಟೇಪ್. ಇಲ್ಲೇ ಎಲ್ರೂ ಅವಸರ ಮಾಡೋದು, ಅಗಲದ ಟೇಪ್ ತಗೊಂಡು ಉದ್ದುದ್ದ ಎಳೆದು ಸುತ್ತಿಬಿಡ್ತಾರೆ, ಎಳೆದ ಟೇಪು ಬಿಚ್ಚಿದ ಮೇಲೆ ವಾಪಸ್ ಕುಗ್ಗುತ್ತೆ, ಪ್ಯಾಟರ್ನ್ ಚಿಕ್ಕದಾಗುತ್ತೆ. ಅರ್ಧ ಇಂಚಿನ ಟೇಪ್ ತಗೋ, ಬೆರಳುದ್ದ ಬೆರಳುದ್ದ ಹರಿದು ಎಳೀದೆ ಸುಮ್ನೆ ಇಡ್ತಾ ಹೋಗು, ಒಂದು ಪದರ ಉದ್ದಕ್ಕೆ, ಎರಡನೇದು ಅಡ್ಡಕ್ಕೆ, ಮೂರನೇದು ಬೇಕಾದ್ರೆ ಓರೆಗೆ. ಅಡ್ಡ ಪದರ ಇಲ್ದಿದ್ರೆ ಬಿಡಿಸಿ ಎತ್ತುವಾಗ ಟೇಪಿನ ಸಂದು ಸಂದು ಜಾರಿ ಆಕಾರ ಕೆಡುತ್ತೆ.

ತಗ್ಗು ಇರೋ ಕಡೆ ಹುಷಾರು. ನಿನ್ನ ಸ್ಟೀರಿಂಗ್ ಹಿಂದೆ ಬೆರಳಿನ ತಗ್ಗು ಇದೆ ಅಂದ್ಯಲ್ಲ, ಟೇಪು ಈ ದಿಬ್ಬದಿಂದ ಆ ದಿಬ್ಬಕ್ಕೆ ನೆಟ್ಟಗೆ ಸೇತುವೆ ಕಟ್ಟಿಬಿಡುತ್ತೆ, ಕೆಳಗೆ ಟೊಳ್ಳು. ಆಗ ತಗ್ಗಿನೊಳಗೆ ಇಳಿಯೋಕೆ ಬೇಕಾದ ಉದ್ದ ಪ್ಯಾಟರ್ನಲ್ಲಿ ಸೇರೋದೇ ಇಲ್ಲ. ಚಮಚದ ಬೆನ್ನಿಂದ ಒತ್ತಿ ಒತ್ತಿ ತಳಕ್ಕೆ ಮುಟ್ಟಿಸು, ಅಲ್ಲಿ ಮಾತ್ರ ಸಣ್ಣ ಸಣ್ಣ ತುಂಡು.

ಆಮೇಲೆ ಗೆರೆ. ಕತ್ತರಿಸೋಕೆ ಮುಂಚೆನೇ ಎಲ್ಲ ಬರೀಬೇಕು, ಕತ್ತರಿಸಿದ ಮೇಲೆ ಯಾವ್ದು ಎಲ್ಲಿದು ಅಂತ ದೇವರಿಗೂ ಗೊತ್ತಾಗಲ್ಲ. ಮಧ್ಯದ ಗೆರೆ, ಹೊಲಿಗೆ ಬರೋ ಗೆರೆ, ಆ ಗೆರೆಗೆ ಅಡ್ಡವಾಗಿ 5 ಸೆಂಟಿಮೀಟರಿಗೆ ಒಂದೊಂದು ಕಡ್ಡಿ ಗುರುತು, ತುಂಡಿನ ನಂಬರು, ಎಡ ಬಲ, ಮೇಲೆ ಯಾವ ಕಡೆ, ಎಲ್ಲ. ಹೊಲಿಗೆ ಗೆರೆ ಎಲ್ಲಿ ಅಂದ್ರೆ, ಕೈ ಸವರಿ ನೋಡು, ಮೈ ಎಲ್ಲಿ ಜೋರಾಗಿ ತಿರುಗುತ್ತೋ ಅಲ್ಲಿ. ನೋಡೋಕೆ ಚೆಂದ ಅಂತ ಉಬ್ಬಿನ ಮಧ್ಯ ನೆತ್ತಿ ಮೇಲೆ ಹೊಲಿಗೆ ತರ್ಬೇಡ, ಕೈ ಉಜ್ಜೋ ಜಾಗದಲ್ಲೂ ಬೇಡ.

ಬ್ಲೇಡಲ್ಲಿ ಗೆರೆ ಮೇಲೆ ಮೆತ್ತಗೆ ಕುಯ್ದು ಬಿಡಿಸು. ಈಗ ಟೇಬಲ್ ಮೇಲೆ ಮಲಗಿಸಿ ಮಧ್ಯದಿಂದ ಅಂಚಿಗೆ ಒತ್ತು. ಎಲ್ಲಿ ಎದ್ದು ನಿಲ್ಲುತ್ತೋ ಅಲ್ಲಿ ಅಂಚಿಂದ ಒಳಗೆ ಒಂದು ಸೀಳು ಕೊಡು. ಆ ಸೀಳೇ ಮಾತಾಡುತ್ತೆ. ಸೀಳು ಬಾಯಿ ಬಿಟ್ರೆ ಅದು ಉಬ್ಬು, ಸೀಳಿನ ಅಂಚು ಒಂದರ ಮೇಲೊಂದು ಏರಿದ್ರೆ ಅದು ಕುದುರೆ ಜೀನಿನ ಆಕಾರದ ತಗ್ಗು. ಬಾಯಿ ಬಿಟ್ಟಿದ್ದು ಒಂದೆರಡು ಎಂಎಂ ಆದ್ರೆ ಮರ್ತುಬಿಡು, ಮೆತ್ತನೆ ಚರ್ಮ ಎಳೆಸ್ಕೊಳುತ್ತೆ. ಬೆರಳಗಲ ಬಾಯಿ ಬಿಡ್ತು ಅಂದ್ರೆ ಅಲ್ಲಿ ಇನ್ನೊಂದು ಹೊಲಿಗೆ ಕೇಳ್ತಾ ಇದೆ ಅಂತ ಅರ್ಥ, ಅದನ್ನ ಬರೀ ಎಳೆದು ಮುಚ್ಚೋಕೆ ಹೋಗ್ಬೇಡ, ಎರಡು ತಿಂಗಳು ಬಿಟ್ಟು ಚರ್ಮ ಸಡಿಲ ಆಗಿ ಕಾಣಿಸ್ಕೊಳುತ್ತೆ.

ಬೇಲೂರು ಬ್ಯಾಗು:

ಕುಶನ್ ಅಣ್ಣ ಹೇಳಿದ್ದು ಸರಿ, ಟೇಪ್ ತೆಗೆದಮೇಲಿನ ಕೆಲ್ಸ ನಾನು ಸೇರಿಸ್ತೀನಿ. ನಾನು ಮೊದ್ಲು ಬ್ಲೌಸ್ ಹೊಲೀತಿದ್ದೆ, ಈಗ ಚರ್ಮದ ಬ್ಯಾಗು. ಬಟ್ಟೇಲಿ ಓರೆ ಕತ್ತರಿಸಿದ್ರೆ ಎಳೆಯುತ್ತೆ, ನೂಲಿನ ದಿಕ್ಕಿಗೆ ಎಳೆಯಲ್ಲ, ಅದು ಥಾನಿನ ಈ ತುದಿಯಿಂದ ಆ ತುದಿಗೂ ಒಂದೇ. ಚರ್ಮ ಹಾಗಲ್ಲ, ಒಂದೇ ತೊಗಲಲ್ಲಿ ಬೆನ್ನಿನ ಭಾಗ ಬಿಗಿ, ಹೊಟ್ಟೆ ಭಾಗ ಸಡಿಲ, ಕಾಲಿನ ಸಂದು ಇನ್ನೂ ಸಡಿಲ. ಬೆನ್ನುಮೂಳೆ ಉದ್ದಕ್ಕೆ ಎಳೆದ್ರೆ ಕಮ್ಮಿ, ಅಡ್ಡಕ್ಕೆ ಎಳೆದ್ರೆ ಜಾಸ್ತಿ ಬರುತ್ತೆ. ಪ್ಯಾಟರ್ನ್ ಎಷ್ಟೇ ಕರೆಕ್ಟ್ ಇದ್ರೂ ಎಡಗಡೆ ತುಂಡು ಬೆನ್ನಿಂದ, ಬಲಗಡೆ ತುಂಡು ಹೊಟ್ಟೆಯಿಂದ ಕತ್ತರಿಸಿದ್ರೆ ಎರಡೂ ಬೇರೆ ಬೇರೆ ಸೈಜ್ ಥರಾನೇ ಕೂರೋದು. ಚದರಡಿ ಲೆಕ್ಕದಲ್ಲಿ ದುಡ್ಡು ಕೊಟ್ಟಿರ್ತೀವಿ, ತುಂಡು ಉಳಿಸ್ಬೇಕು ಅಂತ ಎಲ್ಲೆಲ್ಲೋ ಮೂಲೇಲಿ ಪ್ಯಾಟರ್ನ್ ಇಡೋಕೆ ಆಸೆ ಆಗುತ್ತೆ, ಇಂಥ ಕೆಲ್ಸಕ್ಕೆ ಅದು ಬೇಡ.

ಅದಕ್ಕೆ ಎಳೆತ ನೋಡ್ಕೊಳಿ. ಒಂದಿಂಚು ಅಗಲ, ಆರಿಂಚು ಉದ್ದದ ಪಟ್ಟಿ ಎರಡು ಕತ್ತರಿಸಿ, ಒಂದು ಬೆನ್ನಿನ ಉದ್ದಕ್ಕೆ, ಒಂದು ಅಡ್ಡಕ್ಕೆ. ಎರಡರಲ್ಲೂ 100 ಎಂಎಂ ಗುರುತು ಮಾಡಿ, ಕ್ಲಿಪ್ ಹಾಕಿ ಎರಡಕ್ಕೂ ಒಂದೇ ತೂಕ ನೇತಾಕಿ. ಯಾವ್ದು 103 ಆಯ್ತು ಯಾವ್ದು 108 ಆಯ್ತು ಅಂತ ಪ್ಯಾಟರ್ನ್ ಮೇಲೇನೇ ಬಾಣದ ಗುರುತು ಹಾಕಿ ಬರ್ಕೊಳಿ.

ಆಮೇಲೆ ಟೇಪ್ ಆಕಾರಾನ ನೇರವಾಗಿ ಚರ್ಮಕ್ಕೆ ಇಡ್ಬೇಡಿ. ಮೊದ್ಲು ಹಳೇ ಎಕ್ಸ್‌ರೇ ಶೀಟಿಗೆ ಇಳಿಸಿ. ರಟ್ಟಿಗಿಂತ ಒಳ್ಳೇದು, ಅಂಚು ಸವೆಯಲ್ಲ, ಮಳೆಗಾಲದಲ್ಲಿ ಉಬ್ಬಲ್ಲ, ಅದರೊಳಗಿಂದ ಚರ್ಮದ ಕಲೆ ಗೀರು ಕಾಣುತ್ತೆ. ಟೇಪಿನ ಅಂಚು ಡೊಂಕು ಡೊಂಕಾಗಿರುತ್ತೆ, ನಯವಾಗಿ ತಿದ್ದಿ. ತಿದ್ದಿದ ಮೇಲೆ ಒಂದಕ್ಕೊಂದು ಸೇರೋ ಎರಡು ಅಂಚಿನ ಉದ್ದ ದಾರ ಇಟ್ಟು ಅಳೀರಿ. ಇದು ಮುಖ್ಯ. ಎರಡೂ ಒಂದೇ ಇರ್ಬೇಕು, ಒಂದು 3 ಎಂಎಂ ಜಾಸ್ತಿ ಇದ್ರೆ ಆ 3 ಎಂಎಂ ಎಲ್ಲಾದ್ರೂ ಸುಕ್ಕಾಗಿ ಎದ್ದೇ ಏಳುತ್ತೆ. ಗುರುತಿಂದ ಗುರುತಿಗೆ ಬಿಡಿಬಿಡಿಯಾಗಿ ಅಳೆದ್ರೆ ತಪ್ಪು ಎಲ್ಲಿದೆ ಅಂತಾನೂ ಸಿಗುತ್ತೆ.

ಮತ್ತೆ ಒಂದು ಡಮ್ಮಿ. ಅದೇ ದಪ್ಪದ ರೆಕ್ಸಿನಲ್ಲಿ ಹೊಲಿದು ನೋಡಿ. ಬಟ್ಟೇಲಿ ಡಮ್ಮಿ ಮಾಡಿದ್ರೆ ದಪ್ಪದ ಲೆಕ್ಕ ಸಿಗಲ್ಲ.

ಆಲ್ದೂರು ತೊಗಲು:

ಅಣ್ಣ, ಅಕ್ಕ, ಇಬ್ರಿಗೂ ಥ್ಯಾಂಕ್ಸ್. ಸೀಳು ಬಾಯಿ ಬಿಡೋ ವಿಷ್ಯ ಚೆನ್ನಾಗಿ ಅರ್ಥ ಆಯ್ತು. ಸ್ಟೀರಿಂಗಿಗೆ ಟೇಪ್ ಹಾಕಿ, ಹೊಲಿಗೆ ರಿಂಗಿನ ಒಳಸುತ್ತಲ್ಲಿ ಬರೋ ಹಾಗೆ ಕುಯ್ದು ಬಿಡಿಸಿದೀನಿ. ಪಟ್ಟಿ ಥರ ಬಂತು, ಮಲಗಿಸೋಕೆ ಹೋದ್ರೆ ಮಧ್ಯ ಉಬ್ಬಿ ನಿಲ್ಲುತ್ತೆ, ಎರಡೂ ಅಂಚಿಗೆ ಸೀಳು ಕೊಟ್ರೆ ಎಲ್ಲಾ ಸೀಳೂ ಬಾಯಿ ಬಿಡುತ್ತೆ. ಒಂದೆರಡು ಕಡೆ ಅಲ್ಲ, ಪೂರ್ತಿ ಸುತ್ತ. ಹಾಗಂತ ಎಲ್ಲಾ ಕಡೆ ಹೊಲಿಗೆ ಹಾಕೋಕಾಗುತ್ತಾ? ಕಂಪನಿ ಕಾರಲ್ಲಿ ಒಂದೇ ಹೊಲಿಗೆ ತಾನೇ ಇರೋದು?

ಅರಸೀಕೆರೆ ಮೇಷ್ಟ್ರು:

ನಾನು ಚರ್ಮದ ಕೆಲಸದವನಲ್ಲ, ಪಿಯುಸಿ ಮಕ್ಕಳಿಗೆ ಗಣಿತ ಹೇಳೋನು, ಬೈಂಡಿಂಗ್ ಹುಚ್ಚಿದೆ ಹಾಗಾಗಿ ಇಲ್ಲಿ ಬಂದು ಓದ್ತಿರ್ತೀನಿ. ಈ ಪ್ರಶ್ನೆ ನೋಡಿ ಕೈ ಕಟ್ಕೊಂಡು ಕೂರೋಕಾಗ್ಲಿಲ್ಲ.

ಪೈಪು, ಶಂಕು ಇಂಥವನ್ನ ಬಿಚ್ಚಿ ಚಪ್ಪಟೆ ಮಾಡಬಹುದು, ಎಳೀಬೇಕಾಗಿಲ್ಲ, ಸುಕ್ಕೂ ಬರಲ್ಲ. ಗೋಳವನ್ನ ಆಗಲ್ಲ. ಎಷ್ಟೇ ಬುದ್ಧಿವಂತ ಆದ್ರೂ ಆಗಲ್ಲ, ಜರ್ಮನಿಯ ಗಣಿತಜ್ಞ ಗೌಸ್ 1827ರಲ್ಲೇ ಇದನ್ನ ಸಾಧಿಸಿ ತೋರಿಸಿದ. ಮೇಲ್ಮೈಯ ವಕ್ರತೆ ಅನ್ನೋದು ಬಗ್ಗಿಸಿದ್ರೆ ಬದಲಾಗಲ್ಲ, ಎಳೆದ್ರೆ ಅಥವಾ ಕುಗ್ಗಿಸಿದ್ರೆ ಮಾತ್ರ ಬದಲಾಗುತ್ತೆ. ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾ ಅಷ್ಟು ದೊಡ್ಡದಾಗಿ ಕಾಣೋದೂ ಇದೇ ಕಾರಣಕ್ಕೆ.

ಈಗ ನಿಮ್ಮ ಸ್ಟೀರಿಂಗ್ ಲೆಕ್ಕ. ಹೊರಸುತ್ತಳತೆ 400 × 3.1416, ಅಂದ್ರೆ 1257 ಎಂಎಂ. ಒಳಗಿನ ವ್ಯಾಸ 400 ಕಳೆ 44, 356. ಒಳಸುತ್ತಳತೆ 1118. ವ್ಯತ್ಯಾಸ 138 ಎಂಎಂ ಚಿಲ್ಲರೆ. ತಮಾಷೆ ಅಂದ್ರೆ ಈ 138 ಬರೀ ರಿಂಗಿನ ದಪ್ಪದಿಂದ ಬರೋದು, 2 × 3.1416 × 22. ಸ್ಟೀರಿಂಗ್ ಲಾರೀದಾದ್ರೂ ಆಗ್ಲಿ ಮಾರುತಿ ಕಾರಿಂದಾದ್ರೂ ಆಗ್ಲಿ, ರಿಂಗ್ 22 ಇದ್ರೆ ವ್ಯತ್ಯಾಸ ಅಷ್ಟೇ. ನೀವು ಒಳಸುತ್ತಲ್ಲಿ ಕುಯ್ದು ತೆಗೆದ ಪಟ್ಟಿಯ ಮಧ್ಯಭಾಗ ಹೊರಸುತ್ತದ್ದು, ಅದಕ್ಕೆ 1257 ಬೇಕು. ಎರಡು ಅಂಚು ಒಳಸುತ್ತದ್ದು, ಅವಕ್ಕೆ 1118 ಸಾಕು. ನೇರ ಪಟ್ಟಿ ಕತ್ತರಿಸಿದ್ರೆ ಮಧ್ಯಕ್ಕೂ ಅಂಚಿಗೂ ಒಂದೇ ಉದ್ದ, ಹಾಗಾಗಿ ಒಂದೋ ಮಧ್ಯ ಎಳೀಬೇಕು, ಇಲ್ಲಾ ಅಂಚಲ್ಲಿ ನಿರಿಗೆ. 1118ಕ್ಕೆ ಕತ್ತರಿಸಿದ್ರೆ ಮಧ್ಯ ನೂರಕ್ಕೆ ಹನ್ನೆರಡಷ್ಟು ಎಳೀಬೇಕಾಗುತ್ತೆ. ನಡುವಿನ 1187ಕ್ಕೆ ಕತ್ತರಿಸಿದ್ರೆ ಮಧ್ಯ ಸುಮಾರು ಆರರಷ್ಟು ಎಳೆತ, ಅಂಚು ಆರರಷ್ಟು ಮುದುರು.

ನಮ್ಮನೇಲಿ ಅಕ್ಕಿರೊಟ್ಟೀನ ಬಾಣಲೆ ಒಳಗೇ ತಟ್ತಾರೆ, ಅದು ಬಾಣಲೆ ಆಕಾರಕ್ಕೇ ಬೇಯುತ್ತೆ. ಅದೇ ಹಂಚಿನ ಮೇಲೆ ಚಪ್ಪಟೆಯಾಗಿ ಬೇಯಿಸಿದ ರೊಟ್ಟಿ ತಂದು ಬಾಣಲೆಗೆ ಕೂರಿಸೋಕೆ ಹೋಗಿ, ಅಂಚು ಮುರಿಯುತ್ತೆ. ನಿಮ್ಮ ಪಟ್ಟಿ ಆ ಹಂಚಿನ ರೊಟ್ಟಿ.

ಆದ್ರೆ ಇನ್ನೊಂದು ದಾರಿ ಇದೆ. ಹೊಲಿಗೆ ಎರಡು ಮಾಡಿ, ಒಂದು ಒಳಸುತ್ತಲ್ಲಿ, ಒಂದು ಹೊರಸುತ್ತಲ್ಲಿ. ಅಂದ್ರೆ ಚರ್ಮ ಮುಖದ ಕಡೆ ಒಂದು ಬಳೆ, ಹಿಂಭಾಗಕ್ಕೆ ಒಂದು ಬಳೆ. ಆಗ ಪ್ರತಿ ಬಳೆಯ ಹೊರ ಅಂಚು 1257, ಒಳ ಅಂಚು 1118, ಅಗಲ 34.5. ಇದನ್ನ ಬಾಗಿದ ಪಟ್ಟಿಯಾಗಿ ಕತ್ತರಿಸಬಹುದು. ಕಂಪಾಸಿಗೆ ಎಷ್ಟು ತ್ರಿಜ್ಯ ಅಂದ್ರೆ ಸುತ್ತಳತೇನ ನಾಲ್ಕರಿಂದ ಭಾಗಿಸಿ, ಅಷ್ಟೇ. ಒಳ ಗೆರೆಗೆ 1118 ಭಾಗ 4, 279.5 ಎಂಎಂ. ಹೊರ ಗೆರೆಗೆ 1257 ಭಾಗ 4, 314 ಎಂಎಂ. ಒಟ್ಟು ಕೋನ 229 ಡಿಗ್ರಿ ಚಿಲ್ಲರೆ, ಮೂರು ಕಡ್ಡಿಗೆ ಮೂರು ತುಂಡು ಮಾಡಿದ್ರೆ ಒಂದೊಂದು 76 ಡಿಗ್ರಿ ಚಿಲ್ಲರೆ. ಈ ನಾಲ್ಕು ಯಾವ ಸೈಜಿನ ದುಂಡನೆ ರಿಂಗಿಗೂ ಬದಲಾಗಲ್ಲ, ಯಾಕೆ ಅಂತ ಬೇಕಾದ್ರೆ ಕೂತು ಲೆಕ್ಕ ಮಾಡಿ, ಖುಷಿಯಾಗುತ್ತೆ. ಬಳೆಯ ಹೊರ ಅರ್ಧ ಉಬ್ಬು, ಒಳ ಅರ್ಧ ಜೀನಿನ ತಗ್ಗು, ಒಂದನ್ನೊಂದು ಸರಿತೂಗಿಸುತ್ತೆ, ಅದಕ್ಕೇ ಎಳೆತ ತುಂಬಾ ಕಮ್ಮಿ ಸಾಕು. ಇವು ಬರೀ ರಿಂಗಿನ ಮೈಯ ಅಳತೆ, ಚರ್ಮದ ದಪ್ಪ ಬೇರೆ ಸೇರಿಸ್ಕೊಳಿ.

ಹಾಸನ ಕುಶನ್:

ಮೇಷ್ಟ್ರೆ ನಿಮ್ಮ ಲೆಕ್ಕಕ್ಕೆ ಕೈ ಮುಗಿದೆ, ಆ ನಾಲ್ಕರ ವಿಷ್ಯ ನಮ್ಮ ಹುಡುಗರಿಗೂ ತೋರಿಸ್ದೆ. ಆದ್ರೆ ಹೊರಸುತ್ತಲ್ಲಿ ಹೊಲಿಗೆ ಬಂದ್ರೆ ದಿನಾ ಅಂಗೈಗೆ ಉಜ್ಜುತ್ತೆ ಸಾರ್. ಚಾರ್ಮಾಡಿ ಇಳಿಯೋವಾಗ ಸ್ಟೀರಿಂಗ್ ತಿರುಗಿಸಿ ತಿರುಗಿಸಿ ದಾರ ಸವೆದು ಹರಿಯುತ್ತೆ, ಕೈಗೂ ಗೀರು. ಶೋಗೆ ಇಡೋ ಗಾಡಿ ಆದ್ರೆ ನಿಮ್ದೇ ಸರಿ. ಓಡಿಸೋ ಗಾಡಿಗೆ ಒಂದೇ ಹೊಲಿಗೆ, ಒಳಸುತ್ತು.

ಒಂದೇ ಹೊಲಿಗೆ ಹೇಗೆ ಕೂರುತ್ತೆ ಅಂದ್ರೆ, ಚರ್ಮ ಎಳೆದೇ. ಅದಕ್ಕೇ 1.2 ಕ್ರೋಮ್ ತಗೋ, ವೆಜ್ ಟ್ಯಾನ್ ಸ್ಟೀರಿಂಗಿಗೆ ಬೇಡ. ಎಳೆತ ಜಾಸ್ತಿ ಇರೋ ದಿಕ್ಕು ಪಟ್ಟಿ ಉದ್ದಕ್ಕೆ ಬರ್ಬೇಕು, ಯಾಕಂದ್ರೆ ಹೊರಸುತ್ತು ಉದ್ದ ಕೇಳೋದು. ಹಾಗಂತ ಹೊಟ್ಟೆ ಭಾಗ ಬೇಡ, ಅದು ಎಳೆದಮೇಲೆ ವಾಪಸ್ ಹಿಡಿಯಲ್ಲ. ಮೂರು ಕಡ್ಡಿ ಇದೆ ಅಂದ್ಯಲ್ಲ, ಮೂರು ತುಂಡು ಮಾಡ್ಕೋ, ಒಂದೊಂದು 400 ಎಂಎಂ ಹತ್ರ ಬರುತ್ತೆ, ಕಡ್ಡಿ ಹತ್ರ ಜೋಡಣೆ ಮುಚ್ಕೊಳುತ್ತೆ, ಅಷ್ಟು ಉದ್ದದ್ದಾದ್ರೆ ತೊಗಲಿನ ಒಳ್ಳೇ ಜಾಗದಲ್ಲೇ ಅಡ್ಡಕ್ಕೆ ಸಿಗುತ್ತೆ. ತುಂಡು ಮಾಡಿದ್ರೆ ಎಳೆತದ ಲೆಕ್ಕ ಕಮ್ಮಿ ಆಗಲ್ಲ, ಆದ್ರೆ ಎಳೆಯೋ ಕೆಲ್ಸ ಮೂರು ಪಾಲಾಗುತ್ತೆ, ಒಂದೇ ಕಡೆ ಬಿಗಿ ಒಂದೇ ಕಡೆ ಸಡಿಲ ಆಗಲ್ಲ.

ಇನ್ನು ಅಗಲ. ರಿಂಗ್ 22, ಸುತ್ತಳತೆ 69. ಚರ್ಮಕ್ಕೆ ದಪ್ಪ ಇದೆಯಲ್ಲ, ಸುತ್ತುವಾಗ ಹೊರಮೈಗೆ ಜಾಸ್ತಿ ಬೇಕು ಒಳಮೈಗೆ ಕಮ್ಮಿ, ನಡುವಿನ ಲೆಕ್ಕ ಹಿಡಿದ್ರೆ ದಪ್ಪದ ಮೂರೂಕಾಲಿನಷ್ಟು ಸೇರಿಸ್ಬೇಕು, 1.2ಕ್ಕೆ ಹತ್ರ ಹತ್ರ 4 ಎಂಎಂ. 73 ಆಯ್ತು. ಇದು ಎಳೀದೆ ಸುಮ್ನೆ ಅಂಚಿಗೆ ಅಂಚು ಮುಟ್ಟೋ ಅಳತೆ. ಸ್ಟೀರಿಂಗಲ್ಲಿ ಮಾರ್ಜಿನ್ ಬಿಡೋದಲ್ಲ ತಮ್ಮಾ, ಕಳೆಯೋದು. ಇದರಲ್ಲಿ 4-5 ಎಂಎಂ ಕಮ್ಮಿ ಮಾಡಿ 68ಕ್ಕೆ ಕತ್ತರಿಸು, ಆಗ ದಾರ ಎಳೆದಾಗ ಬಿಗಿ ಬರುತ್ತೆ. ಅಂಚಿಂದ 3 ಎಂಎಂ ಒಳಗೆ ಎರಡೂ ಕಡೆ ಮಿಷನಲ್ಲಿ ಒಂದು ಓಟ ಹೊಲಿಗೆ ಹಾಕು, 4 ಎಂಎಂ ಟಾಕಾ, ಎರಡೂ ಅಂಚಲ್ಲಿ ಟಾಕಾ ಲೆಕ್ಕ ಒಂದೇ ಇರ್ಬೇಕು. ಆಮೇಲೆ ಕೈಹೊಲಿಗೆ ದಾರ ಚರ್ಮ ತೂತು ಮಾಡೋದಲ್ಲ, ಈ ಓಟದ ಟಾಕಾ ಕೆಳಗೆ ನುಸುಳಿಸಿ ನುಸುಳಿಸಿ ಎಳೆಯೋದು. ಎಡದ ಹತ್ತನೇ ಟಾಕಾ ಬಲದ ಹತ್ತನೇದಕ್ಕೇ. ಅಂಚಲ್ಲಿ ಇರೋ ಸಣ್ಣ ಮುದುರು ಟಾಕಾ ಟಾಕಾಗೆ ಹಂಚಿ ಹೋಗಿ ಕಾಣೋದೇ ಇಲ್ಲ. ಕಂಪನಿ ಗಾಡೀಲಿ ಒಂದೇ ಹೊಲಿಗೆ ಅಂದ್ಯಲ್ಲ, ಗುಟ್ಟು ಇದೇ.

ಮೂಡಿಗೆರೆ ಜೀಪು:

ಪ್ಯಾಟರ್ನ್ ಚರ್ಚೆ ಎಲ್ಲ ಸರಿ ಮಾರಾಯ್ರೆ, ಹಳೇ ಜೀಪ್ ಸ್ಟೀರಿಂಗ್ ಅಂದ್ರೆ ಬಿರುಕು ಇದ್ದೇ ಇರುತ್ತೆ, ಅದನ್ನ ಯಾರೂ ಕೇಳ್ಲಿಲ್ಲ. ಮೊದ್ಲು ಬಿರುಕಿನೊಳಗಿನ ತುಕ್ಕು ಕೆರೆದು ಎಂ-ಸೀಲ್ ತುಂಬಿ ಉಜ್ಜಿ ನಯ ಮಾಡಿ, ಆಮೇಲೆ ಟೇಪ್. ಟೇಪ್ ತೆಗೆದಾದ ಮೇಲೆ ಬಿರುಕು ತುಂಬಿದ್ರೆ ಅಳತೆಯೇ ಬೇರೆ.

ಇನ್ನೊಂದು, ವೆಜ್ ಟ್ಯಾನ್ ಒದ್ದೆ ಇದ್ದಾಗ ಕಬ್ಬಿಣ ಮುಟ್ಟಿಸ್ಲೇಬಾರ್ದು. ಮರದ ತೊಗಟೆ ಹಾಕಿ ಹದ ಮಾಡಿರೋ ಚರ್ಮ ಅದು, ಆ ಒಗರು ಕಬ್ಬಿಣದ ಜೊತೆ ಸೇರಿ ಕರೀ ಕಲೆ ಆಗುತ್ತೆ, ಏನ್ ಉಜ್ಜಿದ್ರೂ ಹೋಗಲ್ಲ. ಮೊಳೆ, ಕಬ್ಬಿಣದ ಕ್ಲಿಪ್ಪು ಬೇಡ, ಸ್ಟೇನ್‌ಲೆಸ್ ಸ್ಟೀಲು ಇಲ್ಲಾ ಹಿತ್ತಾಳೆ. ನಮ್ಮ ಕಡೆ ಕೆಲವು ಬೋರ್ ನೀರಲ್ಲೂ ಕಬ್ಬಿಣ ಇರುತ್ತೆ, ಮಳೆ ನೀರು ಹಿಡಿದು ನೆನೆಸಿ.

ಮಳೆಗಾಲದಲ್ಲಿ ಚರ್ಮ ತೇವ ಹೀರಿ ಎಳೆತ ಜಾಸ್ತಿ ಆಗುತ್ತೆ. ಜುಲೈನಲ್ಲಿ ನೋಡಿದ ಎಳೆತದ ಲೆಕ್ಕ ಮಾರ್ಚಿಗೆ ಬರಲ್ಲ. ಬೂಷ್ಟಂತೂ ಹೇಳೋದೇ ಬೇಡ. ಒಣಗಿಸೋಕೆ ಫ್ಯಾನ್ ಸಾಕು, ಒಲೆ ಹತ್ರ ಇಡ್ಬೇಡಿ, ಚರ್ಮ ಮುದುರಿ ಗಟ್ಟಿಯಾಗುತ್ತೆ.

ಅಂದಹಾಗೆ ಫೋನಲ್ಲಿ ಸ್ಕ್ಯಾನ್ ಮಾಡಿ ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರಲ್ಲಿ ಬಿಚ್ಚಿ ಪ್ರಿಂಟ್ ತೆಗೆದ್ರೆ ಆಗಲ್ವಾ? ಟೇಪು ಗೀಪು ಯಾಕೆ ಇನ್ನೂ.

ಬೇಲೂರು ಬ್ಯಾಗು:

ಆಗುತ್ತೆ ಅಣ್ಣ, ಸೋಫಾದಂಥ ದೊಡ್ಡ ಸಾಮಾನಿಗೆ ಒಳ್ಳೇದು. ನಾಬಿನಂಥ ಅಂಗೈಯಗಲದ್ದಕ್ಕೆ ಟೇಪ್ ಹಾಕೋಷ್ಟರಲ್ಲಿ ನಿಮ್ಮ ಫೋನ್ ಸ್ಕ್ಯಾನ್ ಇನ್ನೂ ಲೋಡ್ ಆಗ್ತಿರುತ್ತೆ. ಹೊಲಿಗೆ ಎಲ್ಲಿ ಅಂತ ಅದರಲ್ಲೂ ನೀವೇ ಗೆರೆ ಹಾಕ್ಬೇಕು, ಚರ್ಮ ಎಷ್ಟು ಎಳೆಯುತ್ತೆ ಅಂತ ಅದಕ್ಕೆ ಗೊತ್ತಿಲ್ಲ.

ನಾಬ್ ವಿಷ್ಯ ಯಾರೂ ಹೇಳ್ಲಿಲ್ವಲ್ಲ. ಅದಕ್ಕೆ ವೆಜ್ ಟ್ಯಾನೇ ಸರಿ, ಒದ್ದೆ ಮಾಡಿ ಆಕಾರ ಕೊಟ್ರೆ ಒಣಗಿದ ಮೇಲೂ ಹಿಡ್ಕೊಳುತ್ತೆ, ಕ್ರೋಮ್ ಹಿಡಿಯಲ್ಲ. ಬಣ್ಣ ಮಾತ್ರ ಹೊಲಿಯೋಕೆ ಮುಂಚೆ ಸ್ಟೀರಿಂಗಿನ ತುಂಡು ಪಕ್ಕದಲ್ಲಿಟ್ಟು ಹೊಂದಿಸ್ಕೊಳಿ. ತಣ್ಣೀರಲ್ಲಿ ಮುಳುಗಿಸಿ ಗುಳ್ಳೆ ಬರೋದು ನಿಲ್ಲೋವರೆಗೆ ಬಿಡಿ, ತೆಗೆದು ಸ್ವಲ್ಪ ಹೊತ್ತು ಆರಲಿ, ಮೇಲ್ಮೈ ಬಣ್ಣ ವಾಪಸ್ ಬರ್ತಿದ್ದ ಹಾಗೆ ಕೆಲ್ಸ ಶುರು ಮಾಡಿ. ಬೇಗ ಆಗ್ಲಿ ಅಂತ ಬಿಸಿನೀರು ಬೇಡ.

ಅರಸೀಕೆರೆ ಮೇಷ್ಟ್ರು:

ನಾಬಿಗೆ ನಾಲ್ಕು ಎಸಳು ಮಾಡೋದಾದ್ರೆ ಅಳತೆ ಕೊಡ್ತೀನಿ. 50ರ ಉಂಡೆ, 1.5 ಚರ್ಮ, ನಡುವಿನ ವ್ಯಾಸ 51.5 ಹಿಡಿದ್ರೆ ಸುತ್ತಳತೆ 162. ಒಂದೊಂದು ಎಸಳು ನಡು ಅಗಲ 40.4. ನಡುವಿಂದ 13.5 ಎಂಎಂ ಮೇಲಕ್ಕೆ ಅಗಲ 35, 20.2 ಮೇಲಕ್ಕೆ 28.6, 27 ಮೇಲಕ್ಕೆ 20.2, ನೆತ್ತಿ 40.4 ಮೇಲಕ್ಕೆ, ಅಲ್ಲಿ ಸೊನ್ನೆ. ಈ ಚುಕ್ಕಿಗಳನ್ನ ನಯವಾಗಿ ಸೇರಿಸಿ. ಚುಕ್ಕಿಯಿಂದ ಚುಕ್ಕಿಗೆ ನೇರ ಗೆರೆ ಎಳೆದ್ರೆ ಉಂಡೆ ಹೋಗಿ ಮೂಲೆ ಮೂಲೆ ಆಗುತ್ತೆ. ಇದು ಅಂಚಿಗೆ ಅಂಚು ಸೇರೋ ಅಳತೆ, ಒಳಮಡಿಸಿ ಹೊಲಿಯೋದಾದ್ರೆ ಮಾರ್ಜಿನ್ ಬೇರೆ.

ಕ್ರಿಕೆಟ್ ಬಾಲ್ ನೋಡಿರ್ತೀರಲ್ಲ, ಒಳ್ಳೇ ಬಾಲಿಗೆ ನಾಲ್ಕು ತುಂಡು ಚರ್ಮ. ಎರಡೆರಡು ಸೇರಿ ಒಂದು ಅರ್ಧಗೋಳ, ಒಳಗಿಂದ ಹೊಲಿದಿರ್ತಾರೆ, ಹೊರಗೆ ಗೆರೆ ಅಷ್ಟೇ ಕಾಣೋದು. ಒಂದು ಅರ್ಧಾನ ಇನ್ನೊಂದಕ್ಕೆ 90 ಡಿಗ್ರಿ ತಿರುಗಿಸಿ ಕೂರಿಸ್ತಾರೆ, ಹಾಗಾಗಿ ನಾಲ್ಕೂ ಮೂಲೆ ಒಂದೇ ಕಡೆ ಬಂದು ಸೇರಲ್ಲ. ನಿಮ್ಮ ನಾಬಿನ ನೆತ್ತೀಲಿ ನಾಲ್ಕು ಎಸಳು ಒಂದೇ ಬಿಂದೂಗೆ ಸೇರಿದ್ರೆ ಅದೇ ಜಾಗಕ್ಕೆ ಅಂಗೈ ಕೂರೋದು, ಅದನ್ನ ಯೋಚನೆ ಮಾಡಿ.

ಬೇಲೂರು ಬ್ಯಾಗು:

ಮೇಷ್ಟ್ರೆ ಅದಕ್ಕೇ ನಾನು ನಾಲ್ಕು ಎಸಳು ಬೇಡ ಅಂತೀನಿ. ಮೇಲಿನ ಅರ್ಧ ಒಂದೇ ತುಂಡು, ಒದ್ದೆ ಮಾಡಿ ನಾಬಿನ ಮೇಲೇ ಎಳೆದು ಕತ್ತಿನ ಹತ್ರ ದಾರ ಕಟ್ಟಿ. ನಿರಿಗೆ ಎಲ್ಲಾ ನಡುವಿನ ಕೆಳಗೆ ಇಳಿಯೋವರೆಗೆ ಮೂಳೆ ಕಡ್ಡಿ ಇಲ್ಲಾ ಚಮಚದ ಬೆನ್ನಲ್ಲಿ ಉಜ್ಜಿ ಉಜ್ಜಿ ಇಳಿಸಿ, ನಾಬಿಗೆ ಪ್ಲಾಸ್ಟಿಕ್ ಫಿಲ್ಮ್ ಸುತ್ತಿರಿ. ಪೂರ್ತಿ ಒಣಗಿದ ಮೇಲೆ ನಡುವಿಗಿಂತ ಸ್ವಲ್ಪ ಕೆಳಗೆ ಸುತ್ತ ಕತ್ತರಿಸಿದ್ರೆ ಟೋಪಿ ಥರ ಬರುತ್ತೆ, ನೆತ್ತೀಲಿ ಒಂದೂ ಹೊಲಿಗೆ ಇಲ್ಲ. ಕೆಳಗಿನ ಕತ್ತು ಹೆಚ್ಚುಕಮ್ಮಿ ಶಂಕು, ಮೇಷ್ಟ್ರೇ ಹೇಳಿದ್ರಲ್ಲ ಶಂಕು ಚಪ್ಪಟೆ ಆಗುತ್ತೆ ಅಂತ, ಅದಕ್ಕೆ ಟೇಪ್ ಪ್ಯಾಟರ್ನ್ ಸಾಕು. ಎರಡೂ ಸೇರೋ ಕಡೆ ಅಂಚು ರಂಪಿಗೇಲಿ (ಚರ್ಮ ಕೆತ್ತೋ ಉಳಿ) ಕೆತ್ತಿ ತೆಳ್ಳಗೆ ಮಾಡಿ, ಇಲ್ದಿದ್ರೆ ಬೆರಳಿಗೆ ಮೆಟ್ಟಿಲು ಸಿಗುತ್ತೆ.

ಆಲ್ದೂರು ತೊಗಲು:

ಸರಿ, ಹಾಗಾದ್ರೆ ಸ್ಟೀರಿಂಗಿಗೆ ಒಂದೇ ಹೊಲಿಗೆ ಮೂರು ತುಂಡು, 68 ಅಗಲ, ನಾಬಿಗೆ ಅಕ್ಕನ ಟೋಪಿ. ಮೇಷ್ಟ್ರ ಎರಡು ಬಳೆ ಲೆಕ್ಕಾನ ರೆಕ್ಸಿನಲ್ಲಿ ಕತ್ತರಿಸಿ ರಿಂಗ್ ಮೇಲೆ ಇಟ್ಟು ನೋಡ್ದೆ, ಅಂಟು ಇಲ್ದೇನೇ ಸುಕ್ಕಿಲ್ದಂಗೆ ಮಲ್ಕೊಂಡ್ತು, ನೋಡೋಕೆ ಮಜಾ ಇತ್ತು. ಸಾಹುಕಾರ್ರಿಗೆ ತೋರಿಸ್ದೆ, ಹೊರಗಡೆ ಹೊಲಿಗೆ ಬೇಡ ಅಂದ್ರು. ಬೆರಳಿನ ತಗ್ಗಿಗೆ ಏನ್ ಮಾಡ್ಲಿ, ಎಳೆದು ಹೊಲಿದ್ರೆ ಚರ್ಮ ಸೇತುವೆ ಆಗಿಬಿಡುತ್ತಲ್ಲ? ಆ ರಾಡಿಗೂ ಇಷ್ಟೆಲ್ಲ ಬೇಕಾ?

ಹಾಸನ ಕುಶನ್:

ತಗ್ಗಿರೋ ಹಿಂಭಾಗಕ್ಕೆ ಮಾತ್ರ ರಬ್ಬರ್ ಸೊಲ್ಯೂಷನ್ ಎರಡೂ ಕಡೆ ಬಳಿದು, ಕೈಗೆ ಅಂಟದಷ್ಟು ಆರಿದ ಮೇಲೆ ಒಂದೊಂದೇ ತಗ್ಗಿಗೆ ಬೆರಳಲ್ಲಿ ಒತ್ತಿ ಕೂರಿಸ್ತಾ ಬಾ, ಆಮೇಲೆ ಮುಂದೆ ಎಳೆದು ಹೊಲಿ. ಟೇಪ್ ತೆಗೆವಾಗ ತಗ್ಗಿಗೆ ಮುಟ್ಟಿಸಿ ತೆಗೆದಿದ್ರೆ ಆ ಉದ್ದ ಪ್ಯಾಟರ್ನಲ್ಲೇ ಇರುತ್ತೆ, ಎಳೆತಕ್ಕೆ ಅಂತ ಕಳೆಯೋವಾಗ ಆ ಭಾಗದಲ್ಲಿ ಮಾತ್ರ ಕಳೀಬೇಡ. ತಗ್ಗು ತೀರಾ ಆಳ ಇದ್ರೆ ಎಂ-ಸೀಲ್ ಹಾಕುವಾಗಲೇ ಅರ್ಧ ತುಂಬಿಸಿ ಆಳ ಕಮ್ಮಿ ಮಾಡ್ಕೋ, ಸಾಹುಕಾರ್ರನ್ನ ಕೇಳ್ಬಿಟ್ಟು.

ರಾಡಿಗೆ ಏನೂ ಬೇಡ. ನೇರ ಭಾಗ ಪೈಪು ತಾನೇ, 25ಕ್ಕೆ 78.5, ಚರ್ಮದ ದಪ್ಪಕ್ಕೆ 4, ಎಳೆತಕ್ಕೆ 3 ಕಳೆ, 79-80ರ ಪಟ್ಟಿ. ಬಾಗಿದ ಎರಡು ತುದಿಗೆ ಮಾತ್ರ ಟೇಪ್ ಹಾಕು, ಹೊಲಿಗೆ ಬಾಗಿನ ಒಳಮಗ್ಗುಲಿಗೆ ಬರಲಿ, ನೇರ ಭಾಗದ ಹೊಲಿಗೇನೂ ಅದೇ ಗೆರೇಲಿ ಡ್ಯಾಶ್ ಕಡೆ ಮುಖ ಮಾಡಿ ಹೋಗುತ್ತೆ.